ಎಮಿಲಿಯ ಸಮಾಧಿ: ಕೊಟ್ಟಿಗೆಯ ಪ್ರಾಣಿಗಳಿಗೆ ಸ್ಮಾರಕ ಬಂದ ಬಗೆ

ಪ್ರಾಣಿಗಳಿಗೆ ಸಮಾಧಿ ಕಟ್ಟಿ, ಕಲ್ಲು ನಿಲ್ಲಿಸಿ, ಹೆಸರು ಕೆತ್ತಿಸುವ ಪದ್ಧತಿ ಬಹಳ ಹಳೆಯದು. ಆದರೆ ಆ ಗೌರವ ಪಡೆದ ಪ್ರಾಣಿಗಳ ಸಾಲಿನಲ್ಲಿ ಬೇಟೆಯ ನಾಯಿ, ಯುದ್ಧದ ಕುದುರೆ, ಅರಮನೆಯ ಆನೆ, ಮನೆಯ ಮುದ್ದಿನ ಬೆಕ್ಕು ಕಾಣಿಸಿಕೊಳ್ಳುವಷ್ಟು ಸಹಜವಾಗಿ ಮಾಂಸಕ್ಕೆಂದು, ಹಾಲಿಗೆಂದು, ಮೊಟ್ಟೆಗೆಂದು ಸಾಕಿದ ಪ್ರಾಣಿಗಳು ಕಾಣಿಸಿಕೊಳ್ಳುವುದಿಲ್ಲ. ಒಂದು ಕುರಿಗೆ, ಒಂದು ಹಂದಿಗೆ, ಕಸಾಯಿಖಾನೆಯಿಂದ ತಪ್ಪಿಸಿಕೊಂಡ ಒಂದು ಹಸುವಿಗೆ ಅದರದೇ ಹೆಸರಿನ ಸಮಾಧಿ ದೊರೆಯುವ ರೂಢಿ ಹೆಚ್ಚುಕಡಿಮೆ ಕಳೆದ ನಾಲ್ಕು ದಶಕಗಳದು, ಮತ್ತು ಅದು ಬೆಳೆದದ್ದು ಅಮೆರಿಕದಲ್ಲಿ ಮೊದಲಾಗಿ ಬೇರೆ ದೇಶಗಳಿಗೂ ಹರಡಿದ ಕೃಷಿಪ್ರಾಣಿಗಳ ಆಶ್ರಯಧಾಮಗಳಲ್ಲಿ. ಇಂಗ್ಲಿಷಿನಲ್ಲಿ ಫಾರ್ಮ್ ಸ್ಯಾಂಕ್ಚುಅರಿ ಎಂದು ಕರೆಯುವ ಈ ಸಂಸ್ಥೆಗಳು ಸಂತೆ, ಸಾಗಣೆ, ಸಾಕಣೆ ಕೇಂದ್ರ ಅಥವಾ ಕಸಾಯಿಖಾನೆಯಿಂದ ಪಾರಾಗಿ ಬಂದ ಪ್ರಾಣಿಗಳನ್ನು ಯಾವ ಉತ್ಪನ್ನವನ್ನೂ ಬಯಸದೆ ಅವುಗಳ ಆಯುಸ್ಸು ಮುಗಿಯುವವರೆಗೂ ಪೋಷಿಸುತ್ತವೆ. ಅಲ್ಲಿ ಬೆಳೆದ ಸ್ಮರಣೆಯ ಪದ್ಧತಿಗೆ ಒಂದು ಪೂರ್ವಷರತ್ತಿತ್ತು: ಪ್ರಾಣಿಯೊಂದು ನೆನಪಿನಲ್ಲಿ ಉಳಿಯಬೇಕಾದರೆ ಅದು ಮೊದಲು ಮುಪ್ಪಾಗುವಷ್ಟು ಕಾಲ ಬದುಕಬೇಕಿತ್ತು.

ಹಳೆಯ ಸ್ಮಾರಕಗಳ ಪೈಕಿ ಕನ್ನಡ ನಾಡಿನದೇ ಒಂದು ಉದಾಹರಣೆ ಇಲ್ಲಿ ಗಮನಾರ್ಹ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಕ್ರಿ.ಶ. 949-50ರ ಸುಮಾರಿನದು, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ತನ್ನ ಒಡೆಯನಾದ ಗಂಗ ದೊರೆ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಮೆಚ್ಚುಗೆಯಾಗಿ ಬೇಡಿ ಪಡೆದದ್ದನ್ನು, ಆ ನಾಯಿ ಕಾಡುಹಂದಿಯೊಂದರೊಡನೆ ಹೋರಾಡಿ ಹಂದಿಯೂ ತಾನೂ ಒಟ್ಟಿಗೆ ಸತ್ತದ್ದನ್ನು, ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟದ್ದನ್ನು ಅದು ದಾಖಲಿಸುತ್ತದೆ. ನಾಯಿಗೆ ಹೆಸರಿದೆ, ಕಲ್ಲಿದೆ, ದತ್ತಿಯಿದೆ. ಇದೇ ನಾಡಿನ ಊರೂರಿನಲ್ಲಿ ನಿಂತಿರುವ ತುರುಗೊಳ್ ವೀರಗಲ್ಲುಗಳನ್ನು, ಎಂದರೆ ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಬಿಡಿಸಲು ಹೋಗಿ ಮಡಿದವರ ನೆನಪಿನ ಕಲ್ಲುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅವುಗಳ ಕೆಳಗಿನ ಪಟ್ಟಿಕೆಯಲ್ಲಿ ಹಸುಗಳು ಸಾಲಾಗಿ ನಿಂತಿರುತ್ತವೆ, ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುತ್ತಾರೆ, ಮೇಲಿನದರಲ್ಲಿ ಅವನು ದೇವಸಾನ್ನಿಧ್ಯದಲ್ಲಿರುತ್ತಾನೆ. ರಕ್ಷಿಸಲ್ಪಟ್ಟ ಹಸುಗಳಲ್ಲಿ ಒಂದಕ್ಕೂ ಹೆಸರಿಲ್ಲ. ದನ ಅಲ್ಲಿ ಸಂಪತ್ತಾಗಿತ್ತು, ಪ್ರಾಣ ತೆರುವಷ್ಟು ಅಮೂಲ್ಯವಾದ ಸಂಪತ್ತು, ಆದರೆ ಕಲ್ಲಿನ ನೆನಪು ಬಿಡಿಸಿದವನಿಗೆ ಮೀಸಲಾಗಿತ್ತು.

ಯುರೋಪ್ ಮತ್ತು ಅಮೆರಿಕದ ಆಧುನಿಕ ಪ್ರಾಣಿಸ್ಮಶಾನಗಳೂ ಈ ಭೇದವನ್ನು ಉಳಿಸಿಕೊಂಡೇ ಹುಟ್ಟಿದವು. ಲಂಡನ್ನಿನ ಹೈಡ್ ಪಾರ್ಕಿನ ಕಾವಲುಗಾರನ ತೋಟದಲ್ಲಿ 1881ರಿಂದ ನಾಯಿಗಳನ್ನು ಹೂಳತೊಡಗಿದರು. ನ್ಯೂಯಾರ್ಕ್ ಬಳಿಯ ಹಾರ್ಟ್ಸ್‌ಡೇಲಿನಲ್ಲಿ 1896ರಲ್ಲಿ ಪಶುವೈದ್ಯರೊಬ್ಬರು ತಮ್ಮ ಸೇಬಿನ ತೋಟದಲ್ಲಿ ಪರಿಚಿತರೊಬ್ಬರ ನಾಯಿಯನ್ನು ಮಣ್ಣುಮಾಡಲು ಅನುಮತಿಯಿತ್ತದ್ದು ಮುಂದೆ ದೊಡ್ಡ ಸ್ಮಶಾನವಾಗಿ ಬೆಳೆಯಿತು. ಪ್ಯಾರಿಸ್ ಹೊರವಲಯದ ಆನಿಯೇರ್‌ನಲ್ಲಿ 1899ರಲ್ಲಿ ತೆರೆದ ಸ್ಮಶಾನದ ಬಾಗಿಲಲ್ಲೇ ಹಿಮದಲ್ಲಿ ಸಿಲುಕಿದವರನ್ನು ಕಾಪಾಡಿದ ಬ್ಯಾರಿ ಎಂಬ ನಾಯಿಯ ಸ್ಮಾರಕ ಎದುರಾಗುತ್ತದೆ. ಇವು ನಗರವಾಸಿ ಕುಟುಂಬಗಳ ದುಃಖಕ್ಕೆ ನೆಲೆ ಕೊಟ್ಟ ಜಾಗಗಳು. ದುಡಿಯುವ ಪ್ರಾಣಿಗಳ ಕಡೆಗೆ ಮೊದಲು ತಿರುಗಿದ ಕರುಣೆಗೆ ಇಂಗ್ಲೆಂಡಿನಲ್ಲಿ ಆನ್ ಲಿಂಡೊ 1886ರಲ್ಲಿ ಆರಂಭಿಸಿದ ಕುದುರೆಗಳ ವಿಶ್ರಾಂತಿಧಾಮ ಸಾಕ್ಷಿ. ಗಾಡಿ ಎಳೆದು ಬಸವಳಿದ ಕುದುರೆಗಳಿಗೆ ಅಲ್ಲಿ ಬಿಡುವು ದೊರೆಯಿತು, ದುಡಿಮೆಯ ಋಣ ತೀರಿಸುವ ಭಾವ ಅದರ ಹಿಂದೆ ಕೆಲಸ ಮಾಡಿತು. ತಿನ್ನುವುದಕ್ಕೆಂದೇ ಹುಟ್ಟಿಸಿದ ಪ್ರಾಣಿಯ ವಿಷಯದಲ್ಲಿ ಇಂಥ ಋಣದ ಲೆಕ್ಕವೂ ಹುಟ್ಟುವಂತಿರಲಿಲ್ಲ.

ಮುದಿ ಮತ್ತು ರೋಗಿ ಜಾನುವಾರುಗಳಿಗೆ ಆಶ್ರಯ ಕೊಡುವ ಏರ್ಪಾಡು ಭಾರತದಲ್ಲಿ ಇದಕ್ಕಿಂತ ಎಷ್ಟೋ ಮುಂಚೆ ನೆಲೆಗೊಂಡಿತ್ತು ಎಂಬುದನ್ನು ಆಶ್ರಯಧಾಮಗಳ ಪಾಶ್ಚಾತ್ಯ ಇತಿಹಾಸಗಳು ಹಲವು ವೇಳೆ ಒಂದೆರಡು ಸಾಲುಗಳಲ್ಲಿ ದಾಟಿಬಿಡುತ್ತವೆ, ಅದು ನ್ಯಾಯವಲ್ಲ. ಗುಜರಾತಿನ ಜೈನ ಮತ್ತು ವೈಷ್ಣವ ವರ್ತಕರು ನಡೆಸುತ್ತಿದ್ದ ಪಿಂಜರಾಪೋಳಗಳು, ಅಂದರೆ ಕೈಲಾಗದ ಪ್ರಾಣಿಗಳನ್ನು ದಾನದ ಹಣದಿಂದ ಸಾಕುವ ಆವರಣಗಳು, ವಿದೇಶೀ ಪ್ರವಾಸಿಗರನ್ನು ಬೆರಗುಗೊಳಿಸಿದ್ದವು. 1623ರ ಕೊನೆಗೆ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಬರೆದ ಕಾರಣಕ್ಕೆ ಕನ್ನಡಿಗರಿಗೆ ಪರಿಚಿತನಾದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅದೇ ವರ್ಷದ ಆರಂಭದಲ್ಲಿ ಖಂಭಾತಿನಲ್ಲಿ ಹಕ್ಕಿಗಳ ಆಸ್ಪತ್ರೆಯನ್ನೂ ಆಡು, ಕುರಿ ಮೊದಲಾದವುಗಳ ಆಶ್ರಯವನ್ನೂ ನೋಡಿದ್ದನು; ಹಕ್ಕಿಗಳ ಆಸ್ಪತ್ರೆಯಲ್ಲಿ ಬಿಳಿಗಡ್ಡದ ಮುದುಕನೊಬ್ಬ ಕನ್ನಡಕ ಧರಿಸಿ, ಹತ್ತಿಯ ನಡುವೆ ಮಲಗಿಸಿದ್ದ ತಬ್ಬಲಿ ಇಲಿಮರಿಗಳಿಗೆ ಹಕ್ಕಿಯ ಗರಿಯಿಂದ ಹಾಲುಣಿಸುತ್ತಿದ್ದ ದೃಶ್ಯವನ್ನು ಅವನು ಅಕ್ಕರೆಯಿಂದಲೇ ವರ್ಣಿಸಿದ್ದಾನೆ. ಮುಂದೆ ಮುಂಬಯಿಯಲ್ಲಿ 1834ರಲ್ಲಿ ಪಾರ್ಸಿ ಶ್ರೀಮಂತ ಜಮ್ಶೇಟ್‌ಜಿ ಜೀಜೀಭಾಯ್ ಅವರ ಕೊಡುಗೆಯೂ ಸೇರಿ ಸ್ಥಾಪನೆಯಾದ ಪಿಂಜರಾಪೋಳ ನಗರದ ನಡುವೆಯೇ ಇಂದಿಗೂ ಉಳಿದಿದೆ. ಆದರೂ ಇವುಗಳ ದಯೆ ಸಾಮೂಹಿಕವಾದುದು. ಜೀವದಯೆ ಎಂಬ ಧರ್ಮ ಯಾವ ಜೀವವೆಂದು ಕೇಳದೆ ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿತು, ಹಾಗೆಯೇ ಸತ್ತಾಗ ಯಾವ ಜೀವವೆಂದು ಬರೆದಿಡುವ ಅಗತ್ಯವನ್ನೂ ಕಾಣಲಿಲ್ಲ. ಗೋಡೆಯ ಮೇಲಿನ ಫಲಕಗಳಲ್ಲಿ ಉಳಿಯುತ್ತಿದ್ದವು ದಾನಿಗಳ ಹೆಸರುಗಳು.

ಅಮೆರಿಕದ ಆಶ್ರಯಧಾಮಗಳು ಹುಟ್ಟಿದ ಹಿನ್ನೆಲೆ ಧರ್ಮದ್ದಲ್ಲ, ದನದ ಮಾರುಕಟ್ಟೆಯದು. 1865ರ ಡಿಸೆಂಬರಿನಲ್ಲಿ ಷಿಕಾಗೊದ ಯೂನಿಯನ್ ಸ್ಟಾಕ್‌ಯಾರ್ಡ್ ತೆರೆದ ಮೇಲೆ, ರೈಲಿನಲ್ಲಿ ಬಂದ ಜಾನುವಾರುಗಳನ್ನು ದೊಡ್ಡಿಗಳಲ್ಲಿ ಕೂಡಿ, ಹರಾಜು ಹಾಕಿ, ಪಕ್ಕದ ಕಸಾಯಿಖಾನೆಗಳಿಗೆ ಅಟ್ಟುವ ವ್ಯವಸ್ಥೆ ಇಡೀ ದೇಶಕ್ಕೆ ಮಾದರಿಯಾಯಿತು. ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕ್ಯಾಸ್ಟರಿನಲ್ಲಿ 1895ರಲ್ಲಿ ಆರಂಭವಾದ ದೊಡ್ಡಿಯು ಷಿಕಾಗೊದಿಂದ ಪೂರ್ವಕ್ಕಿದ್ದ ಅತಿ ದೊಡ್ಡ ದನದ ಮಾರುಕಟ್ಟೆಗಳಲ್ಲಿ ಒಂದಾಗಿ ಬೆಳೆಯಿತು. ಪ್ರಾಣಿಗಳ ಸಂಕಟವನ್ನು ಕಾನೂನು ಗಮನಿಸಲೇ ಇಲ್ಲವೆಂದಲ್ಲ: ಸಾಗಣೆಯ ದನಗಳನ್ನು 28 ಗಂಟೆಗೊಮ್ಮೆ ಇಳಿಸಿ ನೀರು, ಮೇವು, ವಿಶ್ರಾಂತಿ ಕೊಡಬೇಕೆಂಬ ಕಾಯ್ದೆ 1873ರಷ್ಟು ಹಿಂದೆಯೇ ಬಂದಿತ್ತು, ವಧೆಗೆ ಮುನ್ನ ಪ್ರಾಣಿಯನ್ನು ಪ್ರಜ್ಞಾಹೀನಗೊಳಿಸಬೇಕೆನ್ನುವ ಮಾನವೀಯ ವಧಾ ಕಾಯ್ದೆ 1958ರಲ್ಲಿ ಬಂದಿತು. ಇವೆರಡರ ನಡುವೆ ಒಂದು ಬಿರುಕು ಉಳಿಯಿತು. ದಾರಿಯಲ್ಲೇ ಕುಸಿದು ಎದ್ದು ನಿಲ್ಲಲಾರದ ಪ್ರಾಣಿಯನ್ನು ಆ ವ್ಯಾಪಾರದಲ್ಲಿ ಡೌನರ್ ಎನ್ನುತ್ತಿದ್ದರು, ಬಿದ್ದದ್ದು ಎಂದಷ್ಟೇ ಅದರ ಅರ್ಥ. ಅದನ್ನು ಎಳೆದು ಬದಿಗೆ ಹಾಕುವುದು ಅಥವಾ ಸತ್ತವುಗಳ ರಾಶಿಗೆ ಸೇರಿಸುವುದು ದಿನನಿತ್ಯದ ರೂಢಿಯಾಗಿತ್ತು. ಚಿಕಿತ್ಸೆಯ ವೆಚ್ಚ ಪ್ರಾಣಿಯ ಬೆಲೆಯನ್ನು ಮೀರಿದರೆ ಅದು ಜೀವಂತವಾಗಿದ್ದರೂ ಲೆಕ್ಕದಲ್ಲಿ ಸತ್ತಂತೆಯೇ ಎಂಬುದು ಆ ಮಾರುಕಟ್ಟೆಯ ತರ್ಕವಾಗಿತ್ತು, ಮತ್ತು ಇಡೀ ಚಳವಳಿ ಹುಟ್ಟಿದ್ದು ಆ ತರ್ಕವನ್ನು ಕಣ್ಣಾರೆ ಕಂಡವರಿಂದ.

1986ರ ಆಗಸ್ಟಿನಲ್ಲಿ ಲ್ಯಾಂಕ್ಯಾಸ್ಟರ್ ದೊಡ್ಡಿಯ ಹಿಂಭಾಗದಲ್ಲಿದ್ದ ಶವಗಳ ರಾಶಿಯ ಚಿತ್ರ ತೆಗೆಯಲು ಹೋದ ಜೀನ್ ಬಾವರ್ ಮತ್ತು ಲೋರಿ ಹ್ಯೂಸ್ಟನ್ ಎಂಬ ಯುವ ಕಾರ್ಯಕರ್ತರಿಗೆ ಆ ರಾಶಿಯ ಮೇಲೆ ಬಿದ್ದಿದ್ದ ಕುರಿಯೊಂದು ತಲೆಯೆತ್ತಿದ್ದು ಕಂಡಿತು. ಕೊಂದು ನೋವು ಕಳೆಯುವುದೊಂದೇ ದಾರಿಯಿರಬಹುದೆಂಬ ಭಯದಲ್ಲೇ ಅವರು ಅದನ್ನು ಪಶುವೈದ್ಯರ ಬಳಿ ಒಯ್ದರು. ಆದರೆ ಸ್ವಲ್ಪ ಹೊತ್ತಿನ ಉಪಚಾರದಲ್ಲಿ ಕುರಿ ಎದ್ದು ನಿಂತಿತು, ನೀರು ಕುಡಿಯಿತು, ಮೇವು ತಿಂದಿತು. ಬೇಸಿಗೆಯ ಸೆಕೆಯಲ್ಲಿ ಕಿಕ್ಕಿರಿದ ಲಾರಿಯಲ್ಲಿ ಬಂದು ಬಳಲಿ ಬಿದ್ದದ್ದಷ್ಟೇ ಅದಕ್ಕಾಗಿದ್ದ ಕೇಡು. ಅದಕ್ಕೆ ಹಿಲ್ಡಾ ಎಂಬ ಹೆಸರಾಯಿತು, ಅದನ್ನು ಇರಿಸಿಕೊಳ್ಳಲು ಜಾಗ ಬೇಕಾಯಿತು, ಹೀಗೆ ಫಾರ್ಮ್ ಸ್ಯಾಂಕ್ಚುಅರಿ ಎಂಬ ಹೆಸರಿನ ಸಂಸ್ಥೆಯೇ ರೂಪುಗೊಂಡಿತು. ಗ್ರೇಟ್‌ಫುಲ್ ಡೆಡ್ ಎಂಬ ಸಂಗೀತ ತಂಡದ ಕಛೇರಿಗಳ ಹೊರಗೆ ವ್ಯಾನ್ ನಿಲ್ಲಿಸಿಕೊಂಡು ಸಸ್ಯಾಹಾರಿ ಹಾಟ್‌ಡಾಗ್ ಮಾರಿ ಗಳಿಸಿದ ಹಣ ಮೊದಲ ವರ್ಷಗಳ ಬಂಡವಾಳವಾಯಿತು. ಪೆನ್ಸಿಲ್ವೇನಿಯದಲ್ಲಿ ಸೋಯಾ ಅವರೆಯಿಂದ ತೋಫು ತಯಾರಿಸುತ್ತಿದ್ದವರೊಬ್ಬರ ಜಮೀನು ತಾತ್ಕಾಲಿಕ ನೆಲೆಯಾಯಿತು. 1990ರ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್‌ನಲ್ಲಿ 175 ಎಕರೆಯ ಸ್ವಂತ ಭೂಮಿ ದೊರೆಯಿತು.

ಹಿಲ್ಡಾ 1997ರವರೆಗೆ, ಎಂದರೆ ರಾಶಿಯಿಂದ ಎದ್ದ ಮೇಲೆ ಹತ್ತು ವರ್ಷಕ್ಕೂ ಮಿಕ್ಕಿ ಬದುಕಿ ವಯಸ್ಸಾಗಿ ಸತ್ತಿತು. ಈ ಕೊನೆಯ ಸಂಗತಿಯೇ ಚರಿತ್ರೆಯ ದೃಷ್ಟಿಯಿಂದ ರಕ್ಷಣೆಯ ಘಟನೆಗಿಂತ ಹೆಚ್ಚು ಮಹತ್ವದ್ದು. ಮಾಂಸದ ಕುರಿಮರಿ ಸಾಮಾನ್ಯವಾಗಿ ವರ್ಷ ತುಂಬುವ ಮುನ್ನವೇ ವಧೆಯಾಗುತ್ತದೆ, ಹಂದಿಗೆ ಸುಮಾರು ಆರು ತಿಂಗಳು, ಮಾಂಸದ ಕೋಳಿಗೆ ಆರೇಳು ವಾರ; 15ರಿಂದ 20 ವರ್ಷ ಬಾಳಬಲ್ಲ ಹಸು ಆಧುನಿಕ ಹೈನುಗಾರಿಕೆಯಲ್ಲಿ ಐದಾರು ವರ್ಷಕ್ಕೆ ನಿರುಪಯುಕ್ತವೆನಿಸುತ್ತದೆ. ಇಷ್ಟು ಕಿರಿದಾದ ಬದುಕಿನಲ್ಲಿ ಪ್ರಾಣಿಗೆ ವೃತ್ತಾಂತವೊಂದು ಹುಟ್ಟುವುದಕ್ಕೆ ಎಡೆಯಿಲ್ಲ: ಯಾವ ಬೆಟ್ಟದ ನೆರಳು ಅದಕ್ಕಿಷ್ಟ, ಯಾರೊಡನೆ ಒಡನಾಟ, ಯಾವ ಚಳಿಗಾಲದಲ್ಲಿ ಅದು ಕಾಯಿಲೆ ಬಿದ್ದು ಚೇತರಿಸಿಕೊಂಡಿತು ಎಂಬ ವಿವರಗಳು ಕೂಡಿಬರಲು ವರ್ಷಗಳು ಬೇಕು. ಹಿಲ್ಡಾ ಆಶ್ರಯಧಾಮದಲ್ಲಿ ಕಳೆದ ದಶಕ ಆ ಬಗೆಯ ವೃತ್ತಾಂತಕ್ಕೆ ಅವಕಾಶ ಕೊಟ್ಟಿತು, ಮತ್ತು ಅದರ ಸಾವಿನ ಹೊತ್ತಿಗೆ ಅದು ಇಡೀ ಸಂಸ್ಥೆಯ ಮೂಲಮಾತೆಯ ಸ್ಥಾನದಲ್ಲಿತ್ತು. ಸಂಸ್ಥೆಯ ಇತಿಹಾಸವನ್ನು ಇಂದಿಗೂ ಆ ಕುರಿಯಿಂದಲೇ ಆರಂಭಿಸಿ ಹೇಳಲಾಗುತ್ತದೆ. ಬಿದ್ದ ಪ್ರಾಣಿಗಳ ಕುರಿತ ಹೋರಾಟವೂ ಅದರ ಹೆಸರಿನೊಡನೆ ಮುಂದುವರಿಯಿತು. 2003ರ ಡಿಸೆಂಬರಿನಲ್ಲಿ ವಾಷಿಂಗ್‌ಟನ್ ರಾಜ್ಯದಲ್ಲಿ ಹುಚ್ಚುಹಸು ರೋಗ ಪತ್ತೆಯಾದ ಮೇಲೆ ನಡೆಯಲಾರದ ದನಗಳನ್ನು ಮನುಷ್ಯರ ಆಹಾರಕ್ಕೆ ಬಳಸುವುದನ್ನು ಅಮೆರಿಕದ ಕೇಂದ್ರ ಸರ್ಕಾರ ನಿಷೇಧಿಸಿತು. ಸರ್ಕಾರದ ಕಾರಣ ಜನರ ಆರೋಗ್ಯವಾಗಿತ್ತು. ಹದಿನೇಳು ವರ್ಷ ಹಿಂದಿನಿಂದ ಕೇಳಿಬರುತ್ತಿದ್ದ ಕರುಣೆಯ ವಾದವೊಂದೇ ಅದಕ್ಕೆ ಸಾಕಾಗಿರಲಿಲ್ಲ.

ಹಿಲ್ಡಾಳ ನೆನಪು ಒಂದು ಸಂಸ್ಥೆಯನ್ನು ಕಟ್ಟಿತಾದರೆ, ಎಮಿಲಿ ಎಂಬ ಹಸುವಿನ ನೆನಪು ಅಂಥ ಸ್ಮರಣೆಗೆ ಸಾರ್ವಜನಿಕ ವಿಧಿಯ ರೂಪ ಕೊಟ್ಟಿತು. ಬಾಸ್ಟನ್ ಮ್ಯಾರಥಾನ್ ಓಟ ಆರಂಭವಾಗುವ ಊರೆಂದು ಹೆಸರಾದ ಮ್ಯಾಸಚೂಸೆಟ್ಸಿನ ಹಾಪ್ಕಿಂಟನ್‌ನಲ್ಲಿ 1995ರ ನವೆಂಬರ್ 14ರಂದು, ಮೂರು ವರ್ಷ ವಯಸ್ಸಿನ ಹೋಲ್‌ಸ್ಟೀನ್ ತಳಿಯ ಹಸುವೊಂದು ತನ್ನ ಸರದಿಗೆ ಕೆಲವೇ ನಿಮಿಷ ಮುಂಚೆ ಕಸಾಯಿಖಾನೆಯ ಐದಡಿ ಎತ್ತರದ ಗೇಟನ್ನು ಹಾರಿ ಪಕ್ಕದ ಕಾಡು ಸೇರಿತು. ಮುಂದಿನ ನಲವತ್ತು ದಿನ ಅದು ಯಾರ ಕೈಗೂ ಸಿಗಲಿಲ್ಲ. ಜಿಂಕೆಗಳ ಹಿಂಡಿನೊಡನೆ ಅದನ್ನು ಕಂಡವರಿದ್ದರು. ಹಿಮ ಬೀಳತೊಡಗಿದಾಗ ಊರಿನವರು ಹುಲ್ಲನ್ನು ಹೊರಗಿಟ್ಟರು, ಹುಡುಕಿ ಬಂದವರಿಗೆ ಅದರ ಜಾಡು ಹೇಳದೆ ಉಳಿದರು. ಕಸಾಯಿಖಾನೆಯಿಂದ ಮಾಂಸ ಕೊಳ್ಳುತ್ತಿದ್ದ ಊರೇ ಅದರಿಂದ ತಪ್ಪಿಸಿಕೊಂಡ ಹಸುವನ್ನು ಬಚ್ಚಿಟ್ಟದ್ದು ವಿರೋಧಾಭಾಸವಾಗಿ ತೋರಬಹುದಾದರೂ, ಓಡಿದ ಗಳಿಗೆಯಲ್ಲಿ ಆ ಹಸು ಮಂದೆಯಿಂದ ಬೇರೆಯಾಗಿ ತನ್ನದೇ ಇಚ್ಛೆಯುಳ್ಳ ಜೀವವಾಗಿ ಅವರಿಗೆ ಕಂಡಿತು ಎಂಬುದು ಅದಕ್ಕೆ ಸಾಕಷ್ಟು ವಿವರಣೆಯಾಗುತ್ತದೆ.

ಹತ್ತಿರದ ಶರ್ಬೋರ್ನ್‌ನಲ್ಲಿ ವಿಶೇಷ ಅಗತ್ಯಗಳುಳ್ಳ ಮಕ್ಕಳ ಶಾಲೆಯನ್ನೂ ಪೀಸ್ ಆ್ಯಬಿ ಎಂಬ ಶಾಂತಿಕೇಂದ್ರವನ್ನೂ ನಡೆಸುತ್ತಿದ್ದ ಲೂಯಿಸ್ ರಾಂಡಾ ಮತ್ತು ಮೆಗ್ ರಾಂಡಾ ದಂಪತಿ ಕಸಾಯಿಖಾನೆಯ ಒಡೆಯನೊಡನೆ ಮಾತಾಡಿ ಹಸುವನ್ನು ಕೊಳ್ಳಲು ಮುಂದಾದರು. ಅವನು ಕೊನೆಗೆ ಒಂದೇ ಡಾಲರಿಗೆ ಅದನ್ನು ಬಿಟ್ಟುಕೊಟ್ಟನು. ಗಾಂಧೀಜಿಯವರ ಅಹಿಂಸೆಯನ್ನು ಆದರ್ಶವಾಗಿಟ್ಟುಕೊಂಡಿದ್ದ ಆ ಕುಟುಂಬ ಮೇವು ತೋರಿಸಿ ನಿಧಾನವಾಗಿ ಅದರ ನಂಬಿಕೆ ಗಳಿಸಿ, ಕ್ರಿಸ್ಮಸ್ ಹಿಂದಿನ ದಿನ ಅದನ್ನು ಶರ್ಬೋರ್ನ್‌ಗೆ ತಂದಿತು. ನಂತರದ ಏಳು ವರ್ಷಗಳಲ್ಲಿ ಎಮಿಲಿಯನ್ನು ನೋಡಲೆಂದೇ ದೂರದೂರದಿಂದ ಜನ ಬಂದರು, ಪತ್ರಿಕೆಗಳು ಬರೆದವು, ಅದರ ಕಥೆಯನ್ನು ಚಲನಚಿತ್ರ ಮಾಡುವ ಹಕ್ಕನ್ನು ಕೊಂಡ ನಿರ್ಮಾಪಕಿಯೊಬ್ಬರು ಅದಕ್ಕೊಂದು ಒಳ್ಳೆಯ ಕೊಟ್ಟಿಗೆಯಾಗುವಂತೆ ನೆರವಾದರು. ಅದರ ಮುಂದೆ ನಿಂತು ಮಾಂಸಾಹಾರ ಬಿಡುವ ಮಾತು ಕೊಟ್ಟವರೂ ಇದ್ದರು.

ಎಮಿಲಿಗೆ ಗರ್ಭಕೋಶದ ಕ್ಯಾನ್ಸರ್ ಬಂದಿತು, 2003ರ ಮಾರ್ಚ್ 30ರಂದು ಅದು ತೀರಿಕೊಂಡಿತು. ಆ ಕೊನೆಯ ದಿನಗಳಲ್ಲಿ ನಡೆದ ವಿಧಿಗಳಿಗೂ ಭಾರತಕ್ಕೂ ನೇರ ಸಂಬಂಧವಿದೆ. ಹಾಪ್ಕಿಂಟನ್ ಪಕ್ಕದ ಆ್ಯಶ್‌ಲೆಂಡ್ ಊರಿನಲ್ಲಿ ದಕ್ಷಿಣ ಭಾರತದ ಶೈಲಿಯ ಲಕ್ಷ್ಮೀ ದೇವಾಲಯವೊಂದಿದ್ದು, ಅಲ್ಲಿನ ಅರ್ಚಕರು ಸಾವಿಗೆ ಮುಂಚೆಯೇ ಬಂದು ಹಸುವನ್ನು ಹರಸಿ, ಅದರ ಕಾಲಿಗೆ ಒಂದು ಚಿನ್ನದ ಎಳೆಯನ್ನು ಕಟ್ಟಿ, ಇನ್ನೊಂದನ್ನು ಅದರ ಕಿವಿಯಲ್ಲಿದ್ದ ರಂಧ್ರದ ಮೂಲಕ ಪೋಣಿಸಿದರು. ಕಸಾಯಿಖಾನೆಯ ಸಂಖ್ಯೆಯ ಬಿಲ್ಲೆಯನ್ನು ಹಿಂದೆ ತೂಗಿಸಿದ್ದದ್ದು ಅದೇ ರಂಧ್ರದಲ್ಲಿ. ಜಾನುವಾರಿನ ಕಿವಿಗೆ ಹೊಡೆಯುವ ಬಿಲ್ಲೆ ಅದನ್ನು ಕೊಳ್ಳುವ, ಮಾರುವ, ಕೊಲ್ಲುವ ಕ್ರಮದಲ್ಲಿ ಒಂದು ಅಂಕಿಯಾಗಿ ಸೇರಿಸುತ್ತದೆ. ಆ ಗಾಯದ ಗುರುತನ್ನು ಮರೆಮಾಡದೆ, ಅದರಲ್ಲೇ ಕಿವಿಚುಚ್ಚುವ ಶಾಸ್ತ್ರದ ನೆನಪು ತರುವ ಎಳೆಯೊಂದನ್ನು ಇಟ್ಟ ಆ ಕ್ರಿಯೆಯಲ್ಲಿ ಇಡೀ ಆಶ್ರಯಧಾಮ ಪರಂಪರೆಯ ಅರ್ಥ ಅಡಕವಾಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಸಾವಿನ ನಂತರ ಅವರು ಮರಳಿ ಬಂದು ಮಂತ್ರ ಪಠಿಸಿ, ಅದರ ಬಾಯಿಗೆ ಹಾಲೆರೆದು, ತಲೆ ಮತ್ತು ಮೈಮೇಲೆ ಹೂವಿಟ್ಟರು. ಹಣೆಯ ಮತ್ತು ಬಾಲದ ತುದಿಯ ಕೂದಲನ್ನು ಕಿವಿಯಲ್ಲಿದ್ದ ಚಿನ್ನದ ಎಳೆಯ ತುಣುಕಿನೊಡನೆ ಆ ಏಪ್ರಿಲ್ ತಿಂಗಳಲ್ಲೇ ಕಾಶಿಯಲ್ಲಿ ಗಂಗೆಗೆ ಬಿಡಲಾಯಿತು.

ದೇಹವನ್ನು ಪೀಸ್ ಆ್ಯಬಿಯ ಆವರಣದಲ್ಲಿ ಗಾಂಧೀಜಿ ಮತ್ತು ಮದರ್ ತೆರೇಸಾ ಅವರ ಪ್ರತಿಮೆಗಳ ನಡುವೆ ಹೂಳಲಾಯಿತು, ಆಮೇಲೆ ಸಮಾಧಿಯ ಮೇಲೆ ಲಾಡೊ ಗುಜಾಬಿಡ್ಜೆ ಎಂಬ ಶಿಲ್ಪಿ ಮಾಡಿದ ನಿಜಗಾತ್ರದ ಕಂಚಿನ ಎಮಿಲಿ ನಿಂತಿತು. ಅದರ ಬೆನ್ನ ಮೇಲೆ ಹೊದಿಕೆಯನ್ನೂ ಹೂಗಳನ್ನೂ ಭಾರತದ ಗೋಪೂಜೆಯ ಗೌರವಚಿಹ್ನೆಗಳಾಗಿ ರೂಪಿಸಲಾಗಿದೆ. ಇದನ್ನು ಪಾಶ್ಚಾತ್ಯರು ಹಿಂದೂ ಗೋಭಕ್ತಿಯನ್ನು ಎರವಲು ಪಡೆದದ್ದು ಎಂದಷ್ಟೇ ಓದುವುದು ಅರ್ಧ ಸತ್ಯ. ಭಾರತದ ಗೋಪೂಜೆಯಲ್ಲಿ ಪೂಜೆಗೊಳ್ಳುವುದು ಹೆಚ್ಚಾಗಿ ಗೋಮಾತೆಯೆಂಬ ಕಲ್ಪನೆ, ಯಾವ ಹಸುವಾದರೂ ಅದರ ಪ್ರತಿನಿಧಿಯಾಗಬಲ್ಲದು. ಕನ್ನಡದ ಗೋವಿನ ಹಾಡಿನ ಪುಣ್ಯಕೋಟಿಗೆ ಹೆಸರಿದ್ದರೂ ಅದು ಸತ್ಯವೆಂಬ ಮೌಲ್ಯದ ಮೂರ್ತಿಯಾಗಿ ನಿಲ್ಲುತ್ತದೆ. ಶರ್ಬೋರ್ನ್‌ನ ಕಂಚು ಮಾತ್ರ ನಿರ್ದಿಷ್ಟ ದಿನಾಂಕದಂದು ನಿರ್ದಿಷ್ಟ ಗೇಟನ್ನು ಹಾರಿದ, ನಿರ್ದಿಷ್ಟ ಕಾಯಿಲೆಯಿಂದ ಸತ್ತ ಒಂದೇ ಒಂದು ಹಸುವಿನದು. ಎರಡು ಪರಂಪರೆಗಳು ಇಲ್ಲಿ ಒಂದಕ್ಕೊಂದು ಕೊಟ್ಟುಕೊಂಡವು: ವಿಧಿ ಭಾರತದ್ದು, ವ್ಯಕ್ತಿವಿಶಿಷ್ಟವಾದ ಸ್ಮರಣೆಯ ಹಟ ಆಶ್ರಯಧಾಮದ್ದು.

ಸ್ಮಾರಕಗಳ ಹಿಂದೆ ಕಣ್ಣಿಗೆ ಬೀಳದ ಕೆಲಸವೊಂದಿದೆ, ಅದು ಮುಪ್ಪಿನ ಆರೈಕೆ. ಬೇಗ ಕೊಬ್ಬಿಸಿ ಬೇಗ ಕೊಲ್ಲುವ ಉದ್ದೇಶಕ್ಕೆಂದೇ ತಳಿ ಅಭಿವೃದ್ಧಿ ಮಾಡಿದ ಪ್ರಾಣಿಯನ್ನು ದೀರ್ಘಕಾಲ ಬದುಕಿಸುವುದು ಹೇಗೆಂಬ ಪ್ರಶ್ನೆಯನ್ನು ಪಶುವೈದ್ಯಶಾಸ್ತ್ರ ಹೆಚ್ಚು ಕೇಳಿಕೊಂಡಿರಲಿಲ್ಲ, ಏಕೆಂದರೆ ಅಂಥ ರೋಗಿಗಳೇ ಇರಲಿಲ್ಲ. ಎದೆಯ ಮಾಂಸ ಹಿಗ್ಗಿ ಸಹಜವಾಗಿ ಕೂಡಲೂ ಆಗದಂತಾದ ಬಿಳಿ ಟರ್ಕಿ ಕೋಳಿಗಳಿಗೆ, ತೂಕ ತಡೆಯದೆ ಕಾಲು ಸೋಲುವ ಮಾಂಸದ ಕೋಳಿಗಳಿಗೆ, ಕೀಲುನೋವಿನ ಹಂದಿಗಳಿಗೆ ಅಳತೆಯ ಆಹಾರ, ನೋವಿನ ಔಷಧ, ಮೆತ್ತನೆಯ ಹಾಸು, ಕೃತಕ ಕಾಲು ಮುಂತಾದ ಉಪಾಯಗಳನ್ನು ಆಶ್ರಯಧಾಮಗಳು ಒಂದೊಂದಾಗಿ ಕಲಿತವು. ವಾಟ್ಕಿನ್ಸ್ ಗ್ಲೆನ್‌ಗೆ ಹತ್ತಿರದ ಇಥಾಕದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಪಶು ಆಸ್ಪತ್ರೆ ಈ ಕಲಿಕೆಯಲ್ಲಿ ಪಾಲು ಪಡೆಯಿತು. ಸಾವಿನ ನಂತರದ ವ್ಯವಸ್ಥೆಯೂ ಹೊಸದಾಗಿ ಕಂಡುಕೊಳ್ಳಬೇಕಾದದ್ದೇ ಆಗಿತ್ತು. ಸತ್ತ ಜಾನುವಾರಿನ ದೇಹ ಸಾಮಾನ್ಯವಾಗಿ ರೆಂಡರಿಂಗ್ ಎಂಬ ಕ್ರಮಕ್ಕೆ ಹೋಗುತ್ತದೆ, ಅಂದರೆ ಕಾರ್ಖಾನೆಯಲ್ಲಿ ಬೇಯಿಸಿ ಕೊಬ್ಬು ಮತ್ತು ಹಿಟ್ಟಾಗಿ ಬೇರ್ಪಡಿಸಲ್ಪಡುತ್ತದೆ. ಉತ್ಪನ್ನವಾಗುವುದರಿಂದ ಪಾರು ಮಾಡಿದ ಪ್ರಾಣಿಯನ್ನು ಸತ್ತ ಮೇಲೆ ಅಲ್ಲಿಗೆ ಕಳಿಸಲು ಪೋಷಕರಿಗೆ ಮನಸ್ಸೊಪ್ಪುವುದಿಲ್ಲ, ಆದ್ದರಿಂದ ಹೂಳುವುದು ಅಥವಾ ಸುಡುವುದು ರೂಢಿಯಾಯಿತು. ದಯಾಮರಣದ ಔಷಧ ದೇಹದಲ್ಲಿ ಉಳಿದು ಅದನ್ನು ಕೆದಕಿ ತಿನ್ನುವ ಹದ್ದು, ನರಿಗಳಿಗೂ ವಿಷವಾಗುವುದರಿಂದ ಗುಂಡಿ ಆಳವಾಗಿರಲೇಬೇಕು. ಒಂದು ಎತ್ತಿನ ಅಥವಾ ಬೆಳೆದ ಹಂದಿಯ ಸಮಾಧಿಗೆ ಮಣ್ಣು ತೋಡುವ ಯಂತ್ರ ಬೇಕು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ಬೇಗ ಬಗ್ಗುವುದಿಲ್ಲ; ಈ ಶ್ರಮವೂ ಸ್ಮರಣೆಯ ಭಾಗವೇ.

ಒಡನಾಡಿ ಪ್ರಾಣಿಗಳಿಗೂ ಮೃತದೇಹವನ್ನು ನೋಡಲು ಬಿಡುವ ಪದ್ಧತಿ ಈ ಅವಧಿಯಲ್ಲೇ ಬೆಳೆಯಿತು. ಹಾರ್ಪರ್ ಮತ್ತು ಕೋಲ್ ಎಂಬ ಎರಡು ಬಾತುಕೋಳಿಗಳ ಪ್ರಸಂಗವನ್ನು ಮಾನವಶಾಸ್ತ್ರಜ್ಞೆ ಬಾರ್ಬರಾ ಕಿಂಗ್ ಪ್ರಾಣಿಗಳ ಶೋಕವನ್ನು ಕುರಿತ ತಮ್ಮ 2013ರ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಬಾತಿನ ಗಂಟಲಿಗೆ ಬಲವಂತವಾಗಿ ಆಹಾರ ತುರುಕಿ ಯಕೃತ್ತನ್ನು ಊದಿಸಿ ಮಾಡುವ ಫ್ವಾ ಗ್ರಾ ಎಂಬ ಖಾದ್ಯದ ಕೇಂದ್ರವೊಂದರಿಂದ 2006ರಲ್ಲಿ ಆಶ್ರಯಧಾಮಕ್ಕೆ ಬಂದ ಈ ಜೋಡಿಯಲ್ಲಿ ಒಂದಕ್ಕೆ ಒಂದು ಕಣ್ಣು ಕುರುಡು, ಇನ್ನೊಂದಕ್ಕೆ ಕಾಲುಗಳು ವಿಕಾರ. ಎರಡಕ್ಕೂ ಮನುಷ್ಯರೆಂದರೆ ವಿಪರೀತ ಭಯ. ನಾಲ್ಕು ವರ್ಷ ಅವು ಬಿಡದೆ ಜೊತೆಗಿದ್ದವು. ನಡೆಯಲಾರದಂತಾದ ಕೋಲ್‌ಗೆ ದಯಾಮರಣ ಕೊಟ್ಟಾಗ ಹಾರ್ಪರ್ ಹತ್ತಿರ ಬಂದು ದೇಹವನ್ನು ಮುಟ್ಟಿ ನೋಡಿತು, ಕೊನೆಗೆ ಅದರ ಪಕ್ಕದಲ್ಲೇ ಮಲಗಿ ತನ್ನ ಕುತ್ತಿಗೆಯನ್ನು ಅದರ ಕುತ್ತಿಗೆಯ ಮೇಲಿಟ್ಟು ಬಹಳ ಹೊತ್ತು ಉಳಿಯಿತು. ಬೇರೆ ಯಾವ ಬಾತಿನೊಡನೆಯೂ ಅದು ಸೇರಲಿಲ್ಲ, ಎರಡು ತಿಂಗಳಿಗೆ ಅದೂ ಸತ್ತಿತು. ಬಾತಿನ ಮನಸ್ಸಿನೊಳಗೆ ಏನು ನಡೆಯಿತೆಂದು ಸಾಧಿಸಿ ತೋರಿಸಲಾಗದು. ಆದರೆ ಇಂಥ ಸಂಗತಿ ನಡೆಯಲು, ನಡೆದದ್ದನ್ನು ಯಾರಾದರೂ ನೋಡಲು, ನೋಡಿದ್ದನ್ನು ಬರೆದಿಡಲು ಬೇಕಾದ ಕಾಲ ಮತ್ತು ಗಮನ ಎರಡೂ ಕೂಡಿದ್ದು ಆಶ್ರಯಧಾಮದಲ್ಲಿ ಮಾತ್ರ.

ಅದೇ ಗಮನಕ್ಕೆ ಕಲೆಯ ರೂಪ ಕೊಟ್ಟವರು ಛಾಯಾಗ್ರಾಹಕಿ ಇಸಾ ಲೆಷ್ಕೊ. ಮರೆವಿನ ಕಾಯಿಲೆಯ ತಾಯಿಯನ್ನು ನೋಡಿಕೊಂಡ ವರ್ಷದ ಬಳಿಕ 2008ರಲ್ಲಿ ಮುದಿ ಕುದುರೆಯೊಂದನ್ನು ಕಂಡು ಅವರು ಆರಂಭಿಸಿದ ಕೆಲಸ ಹಲವು ಆಶ್ರಯಧಾಮಗಳ ವೃದ್ಧ ಪ್ರಾಣಿಗಳ ಕಪ್ಪುಬಿಳುಪು ಚಿತ್ರಗಳಾಗಿ ಬೆಳೆದು, 2019ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಪ್ರಕಾಶನದಿಂದ ಗ್ರಂಥವಾಗಿ ಬಂದಿತು. ಗರಿ ಉದುರಿದ ಹುಂಜ, ಕಣ್ಣು ಮಸುಕಾದ ಕುರಿ, ಒಣಹುಲ್ಲಿನಲ್ಲಿ ಮಲಗಿದ ಹಂದಿ ಅಲ್ಲಿ ಮನುಷ್ಯರ ಭಾವಚಿತ್ರಗಳಿಗೆ ಸಲ್ಲುವ ಗಾಂಭೀರ್ಯದಿಂದ ಚಿತ್ರಿತವಾಗಿವೆ, ಪ್ರತಿಯೊಂದಕ್ಕೂ ಹೆಸರು ಮತ್ತು ವಯಸ್ಸು ನಮೂದಾಗಿದೆ. ಚಿತ್ರಿಸಿದ ಪ್ರಾಣಿಗಳಲ್ಲಿ ಹಲವು ಸ್ವಲ್ಪ ಕಾಲದಲ್ಲೇ ತೀರಿಕೊಂಡದ್ದರಿಂದ ಆ ಚಿತ್ರಗಳೇ ಅವುಗಳ ಸ್ಮಾರಕಗಳಾದವು.

ಸ್ಮರಣೆ ಆರ್ಥಿಕ ಆಸರೆಯೂ ಆಯಿತು. ಫಾರ್ಮ್ ಸ್ಯಾಂಕ್ಚುಅರಿ 1986ರಲ್ಲೇ ಟರ್ಕಿ ಕೋಳಿಯನ್ನು ದತ್ತು ಪಡೆಯುವ ಯೋಜನೆಯೊಂದನ್ನು ಆರಂಭಿಸಿತು. ಕೃತಜ್ಞತಾ ಹಬ್ಬದಂದು ಆ ಹಕ್ಕಿಯನ್ನು ತಿನ್ನುವ ಬದಲು ಹೆಸರುಳ್ಳ ಒಂದು ಹಕ್ಕಿಯ ಪೋಷಣೆಗೆ ಹಣ ಕೊಡುವ ಕ್ರಮವದು. ದತ್ತು ಪಡೆದ ಪ್ರಾಣಿ ಸತ್ತಾಗ ಪೋಷಕರಿಗೆ ಶ್ರದ್ಧಾಂಜಲಿಯ ಬರಹ ತಲುಪುತ್ತದೆ, ಅದರ ಹೆಸರಿನಲ್ಲಿ ಮತ್ತೊಂದರ ಆರೈಕೆಗೆ ಕೊಡುಗೆ ಬರುತ್ತದೆ. ಕರ್ನಾಟಕ ಸರ್ಕಾರ 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆಯೆಂಬ ಹೆಸರಿನಲ್ಲಿ ಗೋಶಾಲೆಯ ಒಂದು ಹಸುವಿನ ವಾರ್ಷಿಕ ಪೋಷಣೆಗೆ 11,000 ರೂಪಾಯಿ ನಿಗದಿಪಡಿಸಿ ಸಾರ್ವಜನಿಕರನ್ನು ಆಹ್ವಾನಿಸಿದ್ದು ರೂಪದಲ್ಲಿ ಇದನ್ನೇ ಹೋಲುತ್ತದೆ. ಗೋಶಾಲೆಗಳಲ್ಲಿ ಈ ಆರ್ಥಿಕ ಸಂಬಂಧ ಒಂದೊಂದು ಹಸುವಿನ ವೃತ್ತಾಂತವನ್ನು ಬರೆದಿಡುವ ಸಂಬಂಧವಾಗಿಯೂ ಬೆಳೆದರೆ, ಪಿಂಜರಾಪೋಳದ ಹಳೆಯ ಅನಾಮಿಕ ದಯೆಗೆ ಬಹುಕಾಲ ಬಾಕಿಯಿದ್ದ ಪೂರಣ ದೊರೆತಂತಾಗುತ್ತದೆ.

ಈ ಪರಂಪರೆಯ ಒಳಗೂ ಅಸಮಾನತೆಯಿದೆ. ಕಂಚಿನಲ್ಲಿ ನಿಂತದ್ದು ಗೇಟು ಹಾರಿದ ಹಸು. ಲಕ್ಷಾಂತರ ಜನ ಶೋಕಿಸಿದ್ದು 2012ರಲ್ಲಿ ಸಣ್ಣ ತಳಿಯದೆಂದು ನಂಬಿ ಮನೆಗೆ ತಂದ ಮೇಲೆ ಸುಮಾರು 650 ಪೌಂಡ್ ತೂಕಕ್ಕೆ ಬೆಳೆದು, ಕೆನಡದ ಒಂಟಾರಿಯೊದಲ್ಲಿ ಆಶ್ರಯಧಾಮವೊಂದಕ್ಕೆ ಕಾರಣವಾಗಿ, 2023ರಲ್ಲಿ ತೀರಿಕೊಂಡ ಎಸ್ತರ್ ಎಂಬ ಹಂದಿಗೆ. ಸಾಹಸದ ಕಥೆಯಿಲ್ಲದೆ, ಒಂದೇ ಸಲಕ್ಕೆ ನೂರಾರು ಸಂಖ್ಯೆಯಲ್ಲಿ ತಂತಿಪಂಜರಗಳಿಂದ ಬರುವ ಮೊಟ್ಟೆಕೋಳಿಗಳು ಅಷ್ಟು ಸುಲಭವಾಗಿ ನೆನಪಿಗೆ ಒದಗುವುದಿಲ್ಲ. 1958ರ ಮಾನವೀಯ ವಧಾ ಕಾಯ್ದೆಯ ಜಾರಿಯಲ್ಲಿ ಕೋಳಿಗಳನ್ನು ಸೇರಿಸಿಕೊಂಡಿಲ್ಲ. ಅಮೆರಿಕದಲ್ಲಿ ಕೊಲ್ಲುವ ನೆಲದ ಪ್ರಾಣಿಗಳಲ್ಲಿ ಬಹುಪಾಲು ಅವೇ ಆಗಿದ್ದರೂ ಕಾನೂನಿನ ಕರುಣೆ ಅವುಗಳವರೆಗೆ ಮುಟ್ಟಿಲ್ಲ. ಅವುಗಳ ಪೂರ್ವಜನಾದ ಕಾಡುಕೋಳಿ ವರ್ಷಕ್ಕೆ ಹತ್ತಾರು ಮೊಟ್ಟೆಯಿಟ್ಟರೆ ಇಂದಿನ ತಳಿ 250ರಿಂದ 300ರವರೆಗೆ ಇಡುತ್ತದೆ, ಆ ಹೊರೆಯಿಂದಲೇ ಅಂಡಾಶಯದ ಕ್ಯಾನ್ಸರಿಗೂ ಮೊಟ್ಟೆ ಒಳಗೆ ಸಿಕ್ಕಿಕೊಳ್ಳುವ ರೋಗಕ್ಕೂ ತುತ್ತಾಗುತ್ತದೆ. ಮೊಟ್ಟೆಯಿಡುವುದನ್ನು ತಡೆಯುವ ಹಾರ್ಮೋನಿನ ಗುಳಿಗೆಯನ್ನು ಚರ್ಮದಡಿ ಇಟ್ಟು ಅವುಗಳ ಆಯುಸ್ಸನ್ನು ಹಿಗ್ಗಿಸುವ ಪ್ರಯತ್ನ ಈಗ ಹಲವೆಡೆ ನಡೆಯುತ್ತಿದೆ. ನೋಡಲು ಒಂದೇ ತೆರನಾದ ಈ ಬಿಳಿ, ಕಂದು ಕೋಳಿಗಳ ಕಾಲಿಗೆ ಬಣ್ಣಬಣ್ಣದ ಬಳೆ ತೊಡಿಸಿ, ಒಂದೊಂದರ ಹೆಸರು, ತೂಕ, ಔಷಧ, ಜೊತೆಗಾತಿ ಯಾರೆಂಬುದನ್ನು ಪುಸ್ತಕದಲ್ಲಿ ಬರೆದಿಡುವ ಪೋಷಕರು ಹಲವು ಆಶ್ರಯಧಾಮಗಳಲ್ಲಿದ್ದಾರೆ. ಕೃಷಿಪ್ರಾಣಿಗಳ ಸ್ಮರಣೆಯ ಇತಿಹಾಸವನ್ನು ಮುಂದೆ ಬರೆಯುವವರಿಗೆ ಕಂಚಿನ ಪ್ರತಿಮೆಗಳಿಗಿಂತ ಈ ದಿನಚರಿಯ ಪುಸ್ತಕಗಳು ಹೆಚ್ಚು ತುಂಬಿದ ಆಕರಗಳಾಗುತ್ತವೆ, ಮತ್ತು ಅವುಗಳನ್ನು ಪ್ರಾಣಿ ಸತ್ತ ಮೇಲೆ ಎಸೆಯದೆ ಜೋಪಾನ ಮಾಡುವ ಏರ್ಪಾಡು ಪ್ರತಿಯೊಂದು ಆಶ್ರಯಧಾಮದಲ್ಲೂ, ಪ್ರತಿಯೊಂದು ಗೋಶಾಲೆಯಲ್ಲೂ ಆಗಬೇಕಾಗಿದೆ.